ಗಡಿಕಲ್ಲಿನಾಚೆ ಕೂತ ಅಧ್ಯಕ್ಷೆ

ಲಕ್ಕಕ್ಕ ಅಧ್ಯಕ್ಷಳಾದದ್ದು ಯಾರೂ ಬಯಸಿ ಆದದ್ದಲ್ಲ. ಅವಳೂ ಬಯಸಿರಲಿಲ್ಲ. ಕುಮಟೆಗೂ ಹೊನ್ನಾವರಕ್ಕೂ ನಡುವೆ ಇರುವ ನಮ್ಮ ಸಣ್ಣ ಪೇಟೆಗೆ ಒಂದು ಪಟ್ಟಣ ಪಂಚಾಯ್ತಿ ಇದೆ. ಪೇಟೆಯ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಅಂಗಳಕ್ಕೆ ಬಂದು ಜಗಳ ತೆಗೆಯುವವರಿದ್ದಾರೆ, ನಾನೂ ಕೈಕಟ್ಟಿ ನಿಲ್ಲುವ ಜಾತಿಯವನಲ್ಲ. ಅಧ್ಯಕ್ಷರ ಕುರ್ಚಿ ಯಾವ ವರ್ಗಕ್ಕೆ, ಗಂಡಸಿಗೋ ಹೆಂಗಸಿಗೋ ಎನ್ನುವುದನ್ನು ಸರಕಾರ ಮೇಲಿನಿಂದ ಹೇಳಿ ಕಳಿಸುತ್ತದೆ. ಆ ಸಲ ಹಿಂದುಳಿದ ವರ್ಗದ ಹೆಂಗಸಿಗೆ ಬಂತು. ಮೆಂಬರುಗಳಲ್ಲಿ ಅಂಥ ಹೆಂಗಸು ಎಂದರೆ ಲಕ್ಕಕ್ಕ ಒಬ್ಬಳೇ. ಹೈವೇ ಬದಿ ಬಿದಿರಿನ ಗಳಕ್ಕೆ ಈರುಳ್ಳಿ ಗೊಂಚಲು ತೂಗಿಹಾಕಿ ಮಾರುತ್ತಿದ್ದವಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಮಗಳು ಗಂಗಾಳನ್ನು ಹಿರೇಗುತ್ತಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದಳು. ಗಳದ ಮೇಲಿನ ಗೊಂಚಲನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ ಬಂದು ಕುರ್ಚಿಯಲ್ಲಿ ಕೂತಳು.

ನಾನು ಅದೇ ಪಂಚಾಯ್ತಿಯಲ್ಲಿ ನೀರು ಬಿಡುವವನು. ವೆಂಕಟ್ರಮಣ ಅಂತ. ಬೆಳಿಗ್ಗೆ ಕೇರಿ ಕೇರಿಗೆ ಹೋಗಿ ವಾಲ್ ತಿರುಗಿಸುವುದು, ಹೆಂಗಸರ ಹತ್ತಿರ ಬೈಸಿಕೊಳ್ಳುವುದು, ತಿರುಗಿ ಬೈಯುವುದು, ಇದೇ ನನ್ನ ಕೆಲಸ. ಮೊದಲ ದಿನ ಚೀಫ್ ಆಫೀಸರು ಕೃಷ್ಣಾನಂದ ಸಾಹೇಬರು ಲಕ್ಕಕ್ಕನಿಗೆ ಕುರ್ಚಿಯ ಮರ್ಮ ತಿಳಿಸಿದ್ದನ್ನು ಬಾಗಿಲಲ್ಲಿ ನಿಂತು ಕೇಳಿದವನು ನಾನು.

“ಅಧ್ಯಕ್ಷರೇ, ಸಭೆ ನಡೆಸುವುದು ನಿಮ್ಮ ಕೆಲಸ. ಠರಾವು ಆದಮೇಲೆ ಸಹಿ ಹಾಕಿ. ಉಳಿದದ್ದೆಲ್ಲ ನಾನು ನೋಡಿಕೊಳ್ತೇನೆ.”

“ಹಂಗಾದ್ರೆ ನೀರು ಬರ್ಲಿಲ್ಲ ಅಂದ್ರೆ ಜನ ಯಾರ ಮನೆಗೆ ಬರ್ತಾರೆ ಸಾಯೇಬ್ರೆ?”

“ನಿಮ್ಮ ಮನೆಗೆ.”

“ಬೈಸ್ಕಣುದು ನಾನು, ನೋಡ್ಕಣುದು ನೀವು. ಆತು.”

ಆದರೆ ಅವಳು ಸಹಿ ಹಾಕಿ ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ನನ್ನ ಜೊತೆಗೇ ಕೇರಿ ಸುತ್ತಲು ಹೊರಟಳು. ಯಾರ ಮನೆಯ ಒಳಗೂ ಹೋಗುತ್ತಿರಲಿಲ್ಲ. ಬೇಲಿಬಾಗಿಲು, ಅಂದರೆ ದಣಪೆಯ ಹೊರಗೆ ನಿಂತು ಹೆಸರು ಹಿಡಿದು ಕರೆಯುವುದು. “ಏ ಮಾಲಿನೀ, ನೀರು ಬಂತೇ? ಏ ಉಮೇಶಾ, ಗಟಾರದ ಕೆಸರು ಬಳುಗಲಿಕ್ಕೆ ಬಂದಿದ್ರಾ?” ಲಾರಿ ಸದ್ದಿನ ಮೇಲೆ ಕೂಗಿ ಈರುಳ್ಳಿ ಮಾರಿದ ಗಂಟಲು ಅದು. ಕೇರಿಯ ಈ ತುದಿಯಲ್ಲಿ ಕರೆದರೆ ಆ ತುದಿಯವರು ಓಗೊಡುತ್ತಿದ್ದರು. ಪೇಟೆಯಲ್ಲಿ ಅವಳಿಗೆ ಹೆಸರು ಗೊತ್ತಿಲ್ಲದ ಮನೆ ಇರಲಿಲ್ಲ. ಬಹಳ ಅಧ್ಯಕ್ಷರನ್ನು ಕಂಡಿದ್ದೇನೆ, ಮನೆಮನೆಯ ದಣಪೆಗೆ ಹೋಗಿ ಬೈಗಳು ಕೇಳಿ ಬಂದವಳು ಇವಳೊಬ್ಬಳೇ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಗೆ ಆ ಗಂಟುಜ್ವರ ಬಂತು. ಡಾಕ್ಟರು ಚಿಕೂನ್‌ಗುನ್ಯಾ ಅಂದರು. ಬಂದವರು ಸಾಯುವುದಿಲ್ಲ, ಆದರೆ ನೆಟ್ಟಗೆ ನಿಲ್ಲುವುದೂ ಇಲ್ಲ. ಮೊಣಕಾಲು, ಮಣಿಕಟ್ಟು ಎಲ್ಲ ಹಿಡಿದು ಸೊಂಟ ಬಗ್ಗಿಹೋಗುತ್ತದೆ. ಮೀನುಪೇಟೆಯಲ್ಲಿ ಬಗ್ಗಿ ನಡೆಯುವವರು, ಬಸ್ಟ್ಯಾಂಡಿನಲ್ಲಿ ಬಗ್ಗಿ ನಡೆಯುವವರು. ಶಾಲೆಗೆ ಹೋಗುವ ಹುಡುಗಿಯರೂ ಗೋಡೆ ಹಿಡಿದು ಮುದುಕಿಯರ ಹಾಗೆ ಹೋಗುವುದನ್ನು ಕಂಡೆ. ನೋಡ ನೋಡುತ್ತ ಇಡೀ ಪೇಟೆಗೆ ವಯಸ್ಸಾಯಿತು. ಮಾತಿಲ್ಲ, ನಗೆಯಿಲ್ಲ. ಕಾಲೆಳೆಯುವ ಸದ್ದು ಮಾತ್ರ.

ಲಕ್ಕಕ್ಕ ಸಾಹೇಬರ ಮೇಜು ಗುದ್ದಿ ಹೊಗೆ ಬಿಡುವ ಮಷೀನು ತರಿಸಿದಳು. ಮನೆಮನೆಯ ನೀರಿನ ಡ್ರಮ್ಮು ಉರುಳಿಸಿ ಸೊಳ್ಳೆಮರಿ ಚೆಲ್ಲಿಸಿದಳು. ನೀರು ಚೆಲ್ಲಿದ್ದಕ್ಕೆ ಜನ ಅವಳಿಗೂ ಬೈದರು, ನನಗೂ ಬೈದರು. ನಾನು ಬಿಡಲಿಲ್ಲ, ಅವರ ಮುತ್ತಜ್ಜನ ತನಕ ಬೈದೆ. ಜ್ವರ ನಿಲ್ಲಲಿಲ್ಲ. ಅದೇ ಹೊತ್ತಿಗೆ ಗಂಗಾ ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ದಿನ ತುಂಬುತ್ತಿತ್ತು. ಪಕ್ಕದ ಮನೆಗೆ ಜ್ವರ ಹೊಕ್ಕಿತು. ಒಂದು ಬೆಳಿಗ್ಗೆ ಗಂಗಾ ಎದ್ದು ನಿಲ್ಲಲಾರದೆ “ಅಬ್ಬೇ, ಮೊಣಕಾಲು ಹಿಡದದೆ” ಅಂದಳಂತೆ. ಆ ದಿನ ಲಕ್ಕಕ್ಕ ಕೇರಿಯಲ್ಲಿ ಯಾರನ್ನೂ ಕರೆಯಲಿಲ್ಲ.

ಹೊನ್ನ ಬಂದದ್ದು ಆಗ. ಹೊನ್ನ ನಮ್ಮ ಕೇರಿಯ ಹಿರಿ ತಲೆ, ಹಳೆ ಕಟ್ಟುಕಟ್ಟಳೆ ಬಲ್ಲವನು. ಪಂಚಾಯ್ತಿ ಜಗಲಿಯಲ್ಲಿ ಕೂತು ಎಲೆಅಡಿಕೆಯ ಕವಳ ಉಗಿದು ಹೇಳಿದ:

“ಮಾರಿ ದಾಟ್ಸದೆ ಇದು ಹೋಗುದಲ್ಲ. ನಮ್ಮ ಅಪ್ಪನ ಕಾಲದಲ್ಲಿ ದಾಟ್ಸಿದ್ರು. ಬುಟ್ಟಿಯಲ್ಲಿ ಮಾರಿ ಗೊಂಬೆ ಇಟ್ಟು ಗಡಿಕಲ್ಲಿನ ತನಕ ಒಯ್ಯುದು. ಆಚೆ ಊರವರು ಅಲ್ಲಿಂದ ಎತ್ಕಂಡು ಅವರ ಗಡಿ ದಾಟ್ಸುದು. ಹಂಗೇ ಊರಿಂದ ಊರಿಗೆ ಹೋಗಿ ಕಡೆಗೆ ಅಳಿವೆಯಲ್ಲಿ ಸಮುದ್ರಕ್ಕೆ. ಊರ ಯಜಮಾನ ಹಿಂದಿಂದ ಹೋಗಿ, ‘ನಮ್ಮ ಪಾಳಿ ಮುಗೀತು, ನಡೆ ತಾಯೆ’ ಅನ್ಬೇಕು.”

“ಯಜಮಾನರ ಮನೆ ಪಾಳುಬಿದ್ದು ಎಷ್ಟು ಕಾಲ ಆತು. ಯಜಮಾನನ್ನ ಎಲ್ಲಿಂದ ತರ್ತೆ?” ಅಂದೆ.

“ಈಗ ಊರಿಗೆ ಯಜಮಾನ ಅಂದ್ರೆ ಅಧ್ಯಕ್ಷರೇ ಅಲ್ದಾ?”

ಒಳಗಿಂದ ಸಾಹೇಬರು ನಕ್ಕರು. “ಹೊನ್ನಪ್ಪ, ಅಧ್ಯಕ್ಷರ ಅಧಿಕಾರದಲ್ಲಿ ಮಾರಿ ದಾಟಿಸುವುದು ಬರುವುದಿಲ್ಲ.”

“ಬರುದೆಂತದು ಮತ್ತೆ? ಅದನ್ನಾದ್ರೂ ಹೇಳಿ,” ಅಂದಳು ಲಕ್ಕಕ್ಕ. ಸಾಹೇಬರು ಫೈಲಿಗೆ ಮುಖ ಹಾಕಿದರು.

ಹೊನ್ನ ಕಟ್ಟಳೆ ಹೇಳಿದ. ಮಟಮಟ ಮಧ್ಯಾಹ್ನ ಹೋಗಬೇಕು. ಎಲ್ಲ ಮನೆಯ ಬಾಗಿಲು ಹಾಕಿರಬೇಕು. ಯಜಮಾನ ಬುಟ್ಟಿ ಮುಟ್ಟಬಾರದು, ಮುಟ್ಟಿದರೆ ಮಾರಿ ಹೆಗಲು ಬಿಡುವುದಿಲ್ಲ. ಮರಳುವಾಗ ಹಿಂದೆ ನೋಡಬಾರದು. ದಾಟಿಸಿದ ಮೇಲೆ ಅವಳು ಗುರುತಿನವರ ಸ್ವರದಲ್ಲಿ ಬಂದು ಬಾಗಿಲಲ್ಲಿ ಹೆಸರು ಹಿಡಿದು ಕರೆಯುತ್ತಾಳೆ. ಎರಡು ಸಲ ಕರೆಯುವಷ್ಟೇ ಅವಳಿಗೆ ಬಲ. ಆದ್ದರಿಂದ ಮೂರನೇ ಸಲ ಕರೆಯುವ ತನಕ ಯಾರೂ ಓಗೊಡಬಾರದು. ಮೊದಲೇ ‘ಓ’ ಅಂದವರು ಯಾರೇ ಆಗಲಿ, ಕರೆದವರ ಹಿಂದೆ ಹೋಗಲೇಬೇಕು.

“ಆತು. ಗಂಗಾ ನೆಟ್ಟಗೆ ಹೆತ್ತು ಎದ್ರೆ ಸಾಕು ನಂಗೆ,” ಅಂದಳು ಲಕ್ಕಕ್ಕ.

ನಮ್ಮ ಗಡಿಕಲ್ಲು ಇರುವುದು ನೀರಿನ ಟಾಕಿಯ ದಿಬ್ಬದ ಮೇಲೆ. ಕಲ್ಲಿಗೆ ತಾಗಿ ಆಚೆ ಬದಿಗೆ ಪಂಪಿನ ಕೋಣೆ. ಅವತ್ತು ನಾನು ಅಲ್ಲೇ ಇದ್ದೆ. ಮೇಲಿಂದ ಇಡೀ ಪೇಟೆ ಕಾಣುತ್ತಿತ್ತು. ಒಂದು ಬಾಗಿಲು ತೆರೆದಿರಲಿಲ್ಲ. ನೆರಳೆಲ್ಲ ಕಾಲಡಿಗೆ ಸೇರಿದ ಹೊತ್ತು. ಕಾಗೆ ಕೂಡ ಸುಮ್ಮನಿತ್ತು. ಆ ಬಿಸಿಲಲ್ಲಿ ಬುಟ್ಟಿ ಹೊತ್ತವನು ಮುಂದೆ, ಹೊನ್ನನ ಜೊತೆ ಕೇರಿಯ ಗಂಡಸರು ಆಚೀಚೆ, ಹಿಂದಿನಿಂದ ಲಕ್ಕಕ್ಕ. ಜ್ವರ ಬಿಟ್ಟೆದ್ದ ಗಂಡಸರೆಲ್ಲ ಬಗ್ಗಿ ನಡೆಯುತ್ತಿದ್ದರು. ನೆಟ್ಟಗಿದ್ದದ್ದು ಲಕ್ಕಕ್ಕ, ಮತ್ತೆ ಬುಟ್ಟಿಯಲ್ಲಿ ಕೂತ ಗೊಂಬೆ.

ಕಲ್ಲಿನ ಹತ್ತಿರ ಇಳಿಸಿದರು. ಆಚೆ ಊರವರು ಯಾರೂ ಇರಲಿಲ್ಲ. ಹೇಳಿ ಕಳಿಸಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ಹೊನ್ನ ಅಷ್ಟು ಹೊತ್ತು ಹೇಳಿರಲಿಲ್ಲ. ಈಗ ಹೇಳಿದ. “ನಿಮ್ಮ ಪಂಚಾಯ್ತಿ ಬೋರ್ಡು ನಮ್ಮ ಸಂಕದ ತನಕ ಬಂದದೆ. ಮನೆ ತೆರಿಗೆ ನೀವು ತಗಳುದು, ಮಾರಿಯನ್ನೂ ನೀವೇ ಇಟ್ಕಳಿ ಅಂದ್ರು.”

ಅವರು ಹೇಳಿದ್ದು ಸುಳ್ಳಲ್ಲ. ಕೆಲವು ವರ್ಷದ ಹಿಂದೆ ಪೇಟೆಯ ಹದ್ದು ಹಿಗ್ಗಿಸಿದ್ದರು. ಕಲ್ಲಿನಾಚೆ ಮೊದಲು ಬರೀ ಗದ್ದೆ. ಈಗ ಅಲ್ಲಿ ಹೊಸ ಕಾಲನಿ. ಅದೂ ನಮ್ಮ ವಾರ್ಡೇ. ಮಾರಿ ದಾಟಿಸಲು ಹೊರಟ ದೊಡ್ಡ ಮನುಷ್ಯರಲ್ಲಿ ಒಬ್ಬನ ತಲೆಗೂ ಇದು ಮೊದಲೇ ಹೊಳೆದಿರಲಿಲ್ಲ. ಕಲ್ಲು ದಾಟಿದರೂ ಊರು ದಾಟುವುದಿಲ್ಲ!

“ಇಲ್ಲೇ ಬಿಟ್ಟು ಹೋಪ. ಕಟ್ಟಳೆಗೆ ಕಲ್ಲೇ ಗಡಿ,” ಅಂದ ಹೊನ್ನ.

“ಕಾಲನಿಯಲ್ಲಿ ಮಕ್ಕಳಿಲ್ವಾ?” ಅಂದಳು ಲಕ್ಕಕ್ಕ. “ಮೊನ್ನೆ ಆ ಮನೆಗಳ ಡ್ರಮ್ಮೆಲ್ಲ ಚೆಲ್ಲಿಸಿ ಬಂದೆ. ಇವತ್ತು ಅವರ ಬಾಗಿಲಿಗೆ ಮಾರಿ ಇಟ್ಟು ಹೋಗುದಾ? ಎತ್ರೋ ಅದನ್ನ, ಅಳಿವೆಗೇ ಒಯ್ವ.”

ಯಾರೂ ಎತ್ತಲಿಲ್ಲ. ಹೊತ್ತು ತಂದವನು ಆಗಲೇ ತಿರುಗಿಯಾಗಿತ್ತು. ಒಬ್ಬೊಬ್ಬರೇ ಬೆನ್ನು ಹಾಕಿದರು. ಹೊನ್ನ ಕಡೆಯವನು. “ಮುಟ್ಬೇಡ ಲಕ್ಕೀ,” ಅಂದ, ಹಿಂದೆ ನೋಡದೆ ಇಳಿದು ಹೋದ. ಲಕ್ಕಕ್ಕ ಸೆರಗು ಸಿಂಬಿ ಮಾಡಿ ತಲೆಗಿಟ್ಟು ಬುಟ್ಟಿ ಎತ್ತಿಕೊಂಡಳು.

ನಾನು ದೂರದಿಂದ ಹಿಂಬಾಲಿಸಿದೆ. ಒಬ್ಬ ಹೆಂಗಸನ್ನು ಹಾಗೆ ಬಿಟ್ಟು ಹೋದ ಗಂಡಸರ ಮೇಲಿನ ಸಿಟ್ಟಿಗೇ ಹೋದೆ, ಧೈರ್ಯಕ್ಕಲ್ಲ. ಕಾಲನಿಯಲ್ಲಿ ಅವಳು ಬರುತ್ತಿದ್ದ ಹಾಗೆ ಕಿಟಕಿಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು. ನಾಯಿಗಳು ಬೊಗಳದೆ ಗೇಟಿನ ಅಡಿಗೆ ನುಸುಳಿದವು. ಹೈವೇ ದಾಟಿ, ಉಪ್ಪುನೀರಿನ ಗಜನಿ ಗದ್ದೆಯ ಬದು ಹಿಡಿದು, ಅಳಿವೆಗೆ ಹೋದಳು. ನೀರು ಸಮುದ್ರಕ್ಕೆ ಇಳಿಯುತ್ತಿದ್ದ ಹೊತ್ತು, ತೆಂಗಿನ ಗರಿ, ಕಸ ಎಲ್ಲ ಸರ್ರನೆ ಹೋಗುತ್ತಿತ್ತು. ಸೊಂಟದ ತನಕ ಇಳಿದು ಬುಟ್ಟಿ ಬಿಟ್ಟಳು. ಕಸ ಹೋಯಿತು, ಬುಟ್ಟಿ ಹೋಗಲಿಲ್ಲ. ಅವಳ ಸುತ್ತ ಒಂದು ಸುತ್ತು ತಿರುಗಿತು. ಮತ್ತೊಂದು ಸುತ್ತು ತಿರುಗಿತು. ಆಮೇಲೆ ಖಾಲಿಯಾದ ಹಾಗೆ ಹಗುರವಾಗಿ ತೇಲಿ ಹೋಯಿತು.

ಹೊತ್ತು ಇಳಿಯುವಾಗ ಲಕ್ಕಕ್ಕ ತನ್ನ ಮನೆಯ ಅಂಗಳದಲ್ಲಿ ನಿಂತು “ಗಂಗಾ” ಅಂದಳು. ಒಳಗೆ ಮಗಳ ಜೊತೆ ಇದ್ದದ್ದು ಲಕ್ಕಕ್ಕನ ಅತ್ತಿಗೆ ಚೌಡಮ್ಮ, ಬಾಣಂತನಕ್ಕೆ ಬಂದವಳು. ಕಟ್ಟಳೆ ಎಂದರೆ ಕಬ್ಬಿಣ ಅವಳಿಗೆ. ಬಾಗಿಲ ಹಿಂದೆ ಉಸಿರಾಡುವುದು ಕೇಳುತ್ತಿತ್ತು. “ಗಂಗಾ,” ಎರಡನೇ ಸಲ. ಒಳಗೆ ಯಾರೋ ಬಿಕ್ಕಿದರು, ಯಾರೋ ಬಾಯಿ ಮುಚ್ಚಿದರು. ನಾನು ಮೂರನೆಯದಕ್ಕೆ ಕಾದೆ. ಲಕ್ಕಕ್ಕ ತಿರುಗಿ ನಡೆದಳು.

“ಇನ್ನೊಂದ್ಸಲ ಕರೀಬಾರ್ದಿತ್ತಾ ಅಕ್ಕಾ! ತೆಗೀತಿದ್ರು!” ಅಂತ ರೇಗಿದೆ.

“ಬಾಯಿ ತೆಗ್ದೆ ತಮಾ. ಸ್ವರ ಬರ್ಲಿಲ್ಲ,” ಅಂದಳು.

ಪಂಪಿನ ಕೋಣೆಯ ಬೀಗದ ಕೈ ಕೊಟ್ಟೆ. ಅವಳು ಅಲ್ಲೇ ಮಲಗಿದಳು.

ಮರುದಿನ ಏನೂ ಆಗಿಲ್ಲ ಅನ್ನುವ ಹಾಗೆ ಕೇರಿ ಸುತ್ತಲು ಬಂದಳು. “ಮಾಲಿನೀ, ನೀರು ಬಂತೇ?” ಮನೆಯೊಳಗೆ ಒಗ್ಗರಣೆಯ ಸದ್ದು ನಿಂತಿತು. ಮತ್ತೊಮ್ಮೆ ಕರೆದಳು. ಯಾರೂ ಬರಲಿಲ್ಲ. ಮೂರನೇ ಸಲಕ್ಕೆ ಅವಳ ಗಂಟಲು ಆಡಿದ್ದು ಕಾಣುತ್ತಿತ್ತು, ಸ್ವರ ಇಲ್ಲ. ನಲ್ಲಿಯ ಅಡಿಗೆ ಇಟ್ಟ ಕೊಡ ತುಂಬಿ ಹೊರಗೆ ಸುರಿಯಿತು, ಎತ್ತಲು ಜನ ಇಲ್ಲ. ಕೇರಿಯ ಉದ್ದಕ್ಕೂ ಅದೇ. ಕೊಡಗಳು ಸುರಿಯುವ ಸದ್ದು, ಅವಳ ಕರೆ, ಮುಚ್ಚಿದ ಬಾಗಿಲು. ಹಗಲಿನಲ್ಲಿ ಅಷ್ಟು ಹೆದರಿದ್ದು ನಾನು ಅದೇ ಮೊದಲು.

ಪಂಚಾಯ್ತಿ ಸಭೆಯೂ ಆಯಿತು. ಅವಳು ಮೆಂಬರುಗಳನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದಳು. ಯಾರೂ ತುಟಿ ಬಿಚ್ಚಲಿಲ್ಲ, ಕೈ ಮಾತ್ರ ಎತ್ತಿದರು. ಪ್ರತಿ ಸಭೆಯಲ್ಲೂ ಪರಸ್ಪರ ಅಂಗಿ ಹರಿದುಕೊಳ್ಳುವ ಜನ! ಸಾಹೇಬರು ಖುಷಿಯಾಗಿ, “ಇಷ್ಟು ಶಿಸ್ತಿನ ಸಭೆ ನನ್ನ ನೌಕರಿಯಲ್ಲೇ ನೋಡಿಲ್ಲ,” ಅಂದರು. ಅವರ ತಲೆಯ ಮೇಲೆ ಬಕೆಟ್ ಮಗುಚಬೇಕು ಅನಿಸಿತ್ತು ನನಗೆ.

ಜ್ವರ ಮಾತ್ರ ಇಳಿಯತೊಡಗಿತು. ಹೊಗೆಮಷೀನಿಗೋ, ಮಾರಿ ದಾಟಿದ್ದಕ್ಕೋ, ಅವರವರು ಬೇಕಾದ್ದು ಹೇಳಿಕೊಂಡರು. ಗಂಗಾಳ ಮೊಣಕಾಲೂ ಸಡಿಲಿತು. ಅವಳು ಚೌಡಮ್ಮನ ಕಣ್ಣು ತಪ್ಪಿಸಿ ಹಿತ್ತಿಲ ಬೇಲಿಯಿಂದ ನನ್ನ ಕೈಗೆ ಗಂಜಿಯ ತಪ್ಪಲೆ ಕೊಟ್ಟಳು.

“ಮಾಮಾ, ಅಬ್ಬೆಗೆ ಹೇಳು. ಇನ್ನೊಂದ್ಸಲ ಬಂದು ಕರೀಲಿ. ನಾನು ಎರಡನೇದಕ್ಕೇ ಓ ಅಂದು ಬಾಗಿಲು ತೆಗೀತೆ. ಮಾರಿಯಾದ್ರೆ ಮಾರಿ, ನಂಗೆ ಅಬ್ಬೆ ಬೇಕು.”

ಹೇಳಿದೆ. ಲಕ್ಕಕ್ಕ ಗಂಜಿ ಉಂಡು, ಕವಳ ಹಾಕಿಕೊಂಡು, ಪಂಪಿನ ಕೋಣೆಯ ಮೆಟ್ಟಿಲಲ್ಲಿ ಕೂತು ಯೋಚನೆ ಮಾಡಿದಳು. “ಹೋಪದಾ ಬೇಡ್ವಾ ತಮಾ?” ಅಂತ ಕೇಳಿದಳು. ನಾನು ಉತ್ತರ ಕೊಡುವುದರೊಳಗೆ ಕೆಳಗೆ ಕೇರಿಯಿಂದ ಕೂಗು ಬಂತು.

“ಗಂಗಾ...”

ಲಕ್ಕಕ್ಕನ ಸ್ವರ. ಲಾರಿ ಸದ್ದಿನ ಮೇಲೆ ಕೂಗಿ ಮಾಗಿದ ಅದೇ ಗಂಟಲು. ನಾನು ಪಕ್ಕಕ್ಕೆ ನೋಡಿದೆ. ಲಕ್ಕಕ್ಕ ನನ್ನ ಪಕ್ಕದಲ್ಲೇ ಇದ್ದಳು. ಬಾಯಿ ಮುಚ್ಚಿತ್ತು, ಕವಳ ತುಂಬಿತ್ತು.

ಅವಳೂ ಕೇಳಿದ್ದಳು. ತುಪ್ಪಿ ಎದ್ದವಳು ದಿಬ್ಬದಿಂದ ನೆಟ್ಟಗೆ ಇಳಿದಳು, ದಾರಿ ಹಿಡಿಯಲಿಲ್ಲ. ನಾನು ಹಿಂದಿನಿಂದ ಓಡಿದೆ. ಎರಡನೇ ಕೂಗಿಗೆ ಗಂಗಾ ಓಗೊಡುತ್ತಾಳೆ, ಅದು ನಮಗಿಬ್ಬರಿಗೂ ಗೊತ್ತಿತ್ತು. ಕೇರಿಯ ಬಾಯಿಗೆ ಬಂದಾಗ ಅಂಗಳ ಕಂಡಿತು. ಖಾಲಿ. ಒಣಹಾಕಿದ ಭತ್ತ, ಕೋಳಿಗಳು, ಬಿಸಿಲು. ಬಾಗಿಲ ಒಳಗೆ ಅಗಳಿ ಜಾರುವ ಸದ್ದು. ಗಂಗಾ ಎರಡನೇ ಕೂಗಿಗೂ ಕಾಯದೆ ಬಾಗಿಲಿಗೆ ಬಂದಿದ್ದಳು. ಚೌಡಮ್ಮ ಬೈಯುತ್ತಿದ್ದಳು.

ಲಕ್ಕಕ್ಕ ಬಾಯಿ ತೆಗೆದಳು, ಹಾಗೇ ಮುಚ್ಚಿಕೊಂಡಳು. ಹೇಗೆ ಕೂಗುವುದು? ‘ಗಂಗಾ, ತೆಗೀಬೇಡ’ ಅಂದರೆ ಅದೇ ಎರಡನೇ ಕೂಗು, ಅದೇ ಸ್ವರ, ಮಗಳು ಓ ಅನ್ನುತ್ತಾಳೆ. ನಾನು ಕೂಗಬಹುದಿತ್ತು ಅಂತ ನೀವು ಹೇಳಬಹುದು. ಅಲ್ಲಿ ನಿಂತು ನೋಡಬೇಕಿತ್ತು ನೀವು.

ಆಗ ಲಕ್ಕಕ್ಕ ದಣಪೆಯ ಹೊರಗೆ ನಿಂತು, ದಿನಾ ಬೆಳಿಗ್ಗೆ ಕರೆಯುವ ಹಾಗೆ ಜೋರಾಗಿ ಕರೆದಳು.

“ಏ ಲಕ್ಕೀ!”

ಖಾಲಿ ಅಂಗಳದಿಂದ, ಬಾಗಿಲ ಹತ್ತಿರದಿಂದ, ಅವಳದೇ ಸ್ವರ ಓಗೊಟ್ಟಿತು.

“ಓ.”

“ಬಾ,” ಅಂದಳು ಲಕ್ಕಕ್ಕ. “ನಮ್ಮ ಪಾಳಿ ಮುಗೀತು.” ತಿರುಗಿ ಕೇರಿ ಹಿಡಿದು ನಡೆದಳು. ಹಿಂದೆ ನೋಡಲಿಲ್ಲ. ದಾರಿಯಲ್ಲಿದ್ದ ಕೋಳಿಗಳು ಅವಳಿಗೆ ಜಾಗ ಬಿಟ್ಟು ಸರಿದವು, ಅವಳು ಹೋದಮೇಲೆ ಮತ್ತೆ ಸೇರಿ ಕೆದಕತೊಡಗಿದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಜಾಗ ಬಿಟ್ಟು ಸರಿದವು. ಆಗ ದಾರಿಯಲ್ಲಿ ಯಾರೂ ಇರಲಿಲ್ಲ.

ಗಂಗಾ ಬಾಗಿಲು ತೆಗೆದು ಹೊರಗೆ ಬಂದಾಗ ತಾಯಿ ದಿಬ್ಬ ಹತ್ತುತ್ತಿದ್ದದ್ದು ಮಾತ್ರ ಕಂಡಿತು.

ಲಕ್ಕಕ್ಕ ಕಲ್ಲು ದಾಟಿ ಪಂಪಿನ ಕೋಣೆಯ ಮೆಟ್ಟಿಲಲ್ಲಿ ಕೂತಳು. ಆಮೇಲೆ ಈಚೆಗೆ ಬರಲೇ ಇಲ್ಲ. ಅಧ್ಯಕ್ಷಗಿರಿ ಬಿಟ್ಟಳೆಂದು ತಿಳಿಯಬೇಡಿ. ಸಾಹೇಬರು ಕಾನೂನು ತೆಗೆದು ನೋಡಿದರು. ಕಲ್ಲಿನಾಚೆಯೂ ಪಂಚಾಯ್ತಿ ಹದ್ದಿನೊಳಗೇ ಇದ್ದುದರಿಂದ ಅವಳು ಅಲ್ಲಿ ಕೂತರೆ ತಕರಾರು ಮಾಡುವ ಹಾಗಿರಲಿಲ್ಲ. ಉಳಿದ ಅವಧಿಯ ಸಭೆಗಳೆಲ್ಲ ಆ ದಿಬ್ಬದಲ್ಲೇ ಆದವು. ಮೆಂಬರುಗಳು ಕಲ್ಲಿನ ಈಚೆ, ಅಧ್ಯಕ್ಷೆ ಆಚೆ. ಈಗ ಜನಕ್ಕೆ ಬಾಯಿ ಬಂದಿತ್ತು, ಚೆನ್ನಾಗಿಯೇ ಜಗಳ ಆಡಿದರು. ಕಾಲನಿಗೆ ಗಟಾರ ಆದದ್ದು, ನಮ್ಮ ಕೇರಿಗೆ ಎರಡನೇ ಪೈಪು ಬಂದದ್ದು ಆ ಸಭೆಗಳಲ್ಲೇ. ಲಕ್ಕಕ್ಕ ಮಾತ್ರ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬೆರಳು ತೋರಿಸಿ, “ನೀ ಹೇಳು” ಅನ್ನುತ್ತಿದ್ದಳು.

ಹೊನ್ನ ಒಮ್ಮೆ ಬಂದು ದೂರ ನಿಂತು, “ಎಲ್ಲ ಮುಗೀತಲ್ಲೇ, ಇನ್ನು ಒಳಗೆ ಬಾ,” ಅಂದ.

“ನನ್ನ ಬೆನ್ನ ಹಿಂದೆ ಕೂತ್ಕಂಡದೆ ಹೊನ್ನಣ್ಣಾ. ನಾ ಎದ್ದು ಬಂದ್ರೆ ಅದೂ ಬರ್ತದೆ. ನೀನೇ ಕರ್ಕಂಡು ಹೋಗ್ತ್ಯಾ ನಿಮ್ಮನೆಗೆ?”

ಹೊನ್ನ ಬಂದ ದಾರಿಯಲ್ಲೇ ದಿಬ್ಬ ಇಳಿದು ಹೋದ.

ಗಂಗಾ ಕುಮಟೆಯ ಆಸ್ಪತ್ರೆಯಲ್ಲಿ ಸುಸೂತ್ರ ಹೆತ್ತಳು, ಹೆಣ್ಣು ಮಗು. ಅವಧಿ ಮುಗಿಯಿತು, ಬೇರೆಯವರು ಕುರ್ಚಿಗೆ ಬಂದರು, ಅವರು ಒಳಗೆ ಫ್ಯಾನಿನ ಕೆಳಗೇ ಕೂತರು. ಲಕ್ಕಕ್ಕ ಕಾಲನಿಯ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ದಿಬ್ಬದ ಆಚೆ ಬದಿಯ ರಸ್ತೆಯಲ್ಲಿ ಈರುಳ್ಳಿ ಮಾರುತ್ತಾಳೆ. ಕೂಗುವುದಿಲ್ಲ, ಬಂದವರು ತಗೊಂಡು ಹೋಗಬೇಕು. ಸಂಜೆ ಕಲ್ಲಿನ ಹತ್ತಿರ ಬಂದು ಕೂರುತ್ತಾಳೆ.

ಗಂಗಾ ತವರಿಗೆ ಬಂದಾಗ ಮಗುವನ್ನು ಎತ್ತಿಕೊಂಡು ಈಚೆ ಬದಿಗೆ ಕೂರುತ್ತಾಳೆ. ಮಗು ಈಗ ಓಡುವಷ್ಟಾಗಿದೆ. ಮೊನ್ನೆ ನಾನು ವಾಲ್ ಬಂದ್ ಮಾಡುತ್ತಿದ್ದೆ. ಅದು ತಾಯಿಯ ಕೈ ಕೊಸರಿಕೊಂಡು ಕಲ್ಲಿನ ತನಕ ಓಡಿ ಬಂದು, “ಅಜ್ಜೀ!” ಅಂತ ಕೂಗಿತು.

“ಓ,” ಅಂದಳು ಲಕ್ಕಕ್ಕ.

ಅದರ ಬೆನ್ನಿಗೇ, ಅವಳ ಹಿಂದಿನಿಂದ, ಅದೇ ಸ್ವರದಲ್ಲಿ ಇನ್ನೊಂದು “ಓ” ಕೇಳಿತು. ಮಗು ಕೈ ತಟ್ಟಿ ನಕ್ಕಿತು.

ಗಂಗಾ ಎದ್ದು ನಿಂತಳು. ಲಕ್ಕಕ್ಕ ಕೂತಲ್ಲಿಂದ ಏಳಲಿಲ್ಲ, ತಿರುಗಲೂ ಇಲ್ಲ. ಮೊಮ್ಮಗಳ ಮುಖವನ್ನೇ ನೋಡುತ್ತ, ಬೆನ್ನ ಹಿಂದಿನದಕ್ಕೆ ಮೆಲ್ಲಗೆ ಹೇಳಿದಳು:

“ಸುಮ್ನೆ ಕೂತ್ಕ. ನಿನ್ನ ಅಲ್ಲ ಕರ್ದದ್ದು.”